ಬುಟ್ಟಿಯ ಅಗಲ

ಬೈತಖೋಲ ಬಂದರಿಗೆ ಬೆನ್ನು ಹಾಕಿದ
ಮಂಜುಗಡ್ಡೆ ಕಾರ್ಖಾನೆಯ ಮಾಳಿಗೆಯಲ್ಲಿ ಕೂತು
ಮೀನು ಮಾರುವವರ ಸೊಸೈಟಿಗೆ ನಾನೊಂದು ಪುಟ ಕಟ್ಟಿದೆ:
ಎಡಕ್ಕೆ ಮೀನು, ನಡುವೆ ದೋಣಿ, ಬಲತುದಿಗೆ ದರ.
ಇಪ್ಪತ್ತೇಳು ಇಂಚಿನ ಪರದೆಯ ಮೇಲೆ ಅದು
ಇಳಿತದ ಹೊತ್ತಿನ ಮರಳದಂಡೆಯ ಹಾಗೆ
ಹಾಯಾಗಿ ಮೈಚಾಚಿ ಮಲಗಿತ್ತು.
ಕಾರ್ಯದರ್ಶಿ ಪಡ್ತಿಯವರು ಕನ್ನಡಕ ಒರೆಸಿಕೊಂಡು
'ಚಂದ' ಎಂದರು. ಚಹಾ ಬಂತು.

ಮೋಹಿನಿ ಹರಿಕಂತ್ರ ಮಾತ್ರ
ಸೊಂಟದ ಸಂಚಿಯಿಂದ ತನ್ನ ಫೋನು ತೆಗೆದಳು.
ಮೊಮ್ಮಗ ಬಿಟ್ಟುಕೊಟ್ಟದ್ದು; ಗಾಜಿಗೆ
ಮೂಲೆಯಿಂದ ಮೂಲೆಗೆ ಬಿರುಕು,
ಸಂದಿನಲ್ಲಿ ಒಣಗಿದ ಮೀನಿನ ಹುರುಪೆ.
ಅವಳ ಪರದೆಯಲ್ಲಿ ಬಂಗಡೆ ಇತ್ತು,
ದೋಣಿಯ ಹೆಸರು ಅರ್ಧ ಇತ್ತು,
ದರ ಇರಲಿಲ್ಲ.
'ದರ ಎಲ್ಲಿ ತಂಗಿ? ಕಡಲಿಗೆ ಬಿತ್ತೇನೇ?'
ಬೆರಳಿಂದ ಪಕ್ಕಕ್ಕೆ ಎಳೆಯಬೇಕು, ಎಂದೆ.
ಎಳೆದಳು. ದರ ಬಂತು, ಮೀನು ಹೋಯಿತು.
ನೂರೆಂಬತ್ತು. ಯಾವುದರದ್ದು?

ನೀರಿನ ಹಾಗಿರಬೇಕು, ಎನ್ನುತ್ತಾರೆ ಕಲಿಸುವವರು,
ಲೋಟಕ್ಕೆ ಲೋಟ, ಬಿಂದಿಗೆಗೆ ಬಿಂದಿಗೆ.
ಕಡಲ ಪಕ್ಕ ಹುಟ್ಟಿದವಳು ಇದನ್ನು ನಂಬುವುದು ಕಷ್ಟ.
ನೀರಿಗೇನು, ಓದಿಸಬೇಕಾದ್ದು ಅದಕ್ಕೇನೂ ಇಲ್ಲ;
ಯಾವ ಹನಿ ಮೊದಲು, ಯಾವುದು ಆಮೇಲೆ
ಎಂದು ತಲೆ ಕೆಡಿಸಿಕೊಂಡದ್ದೇ ಇಲ್ಲ.

ಮರುದಿನ ಐದೂವರೆಗೆ ಅವಳ ಹಿಂದೆ ಹೋದೆ.
ಮಾರುಕಟ್ಟೆಯ ಸಿಮೆಂಟು ಕಟ್ಟೆಯ ಮೇಲೆ
ಹರವಿದಳು: ಇಸ್ವಾಣ ಉದ್ದಕ್ಕೆ, ಬಂಗಡೆ ಸಾಲಿಗೆ,
ಶೆಟ್ಲಿ ಗುಪ್ಪೆ ಗುಪ್ಪೆ, ನಡುನಡುವೆ ಕೈಯಾಡುವಷ್ಟು ಜಾಗ.
ಒಂಬತ್ತಾಯಿತು. ಉಳಿದದ್ದು ಬುಟ್ಟಿಗೆ.
ಅಗಲದಲ್ಲಿದ್ದದ್ದು ಈಗ ಆಳಕ್ಕೆ ಇಳಿಯಬೇಕು:
ತಳದಲ್ಲಿ ಮಂಜು, ಮಂಜಿನ ಮೇಲೆ ಬಂಗಡೆ, ಮೇಲೊಂದು ಬಾಳೆಲೆ,
ಎಲೆಯಡಿ ಕೈಗೆ ಸಿಗುವಂತೆ
ಕಾಜುಬಾಗದ ಮೊದಲ ಮನೆ ಕೇಳುವ ನೋಗ್ಲಿ.
ಒಂದು ಮೀನನ್ನೂ ಬಿಟ್ಟುಬರಲಿಲ್ಲ,
ಒಂದನ್ನೂ ಹಿಸುಕಿ ಕುಗ್ಗಿಸಲಿಲ್ಲ;
ಬಂಗಡೆ ಬಂಗಡೆಯಷ್ಟೇ ಇತ್ತು.
ಬಾಗಿಲಲ್ಲಿ ಬುಟ್ಟಿ ಇಳಿಸಿ
ಎಲೆಯ ಒಂದು ತುದಿ ಎತ್ತಿದಳು, ಅಷ್ಟೆ.
ಉಳಿದದ್ದು ಕೇಳಿದವರಿಗೆ.

ಮಾಳಿಗೆಗೆ ಬಂದು ಎಲ್ಲ ಅಳಿಸಿದೆ.
ಈ ಸಲ ಬುಟ್ಟಿಯಿಂದ ಶುರು:
ಮೀನು, ಅದಕ್ಕಂಟಿಕೊಂಡೇ ದರ, ದಪ್ಪ ಅಕ್ಷರದಲ್ಲಿ;
ದೋಣಿ ಕೆಳಗೆ; ಒತ್ತುವ ಗುಂಡಿ ಹೆಬ್ಬೆರಳಿನಷ್ಟು,
ಒದ್ದೆ ಹೆಬ್ಬೆರಳಿನಷ್ಟು.
ಅಧ್ಯಕ್ಷರು ಕೈಕುಲುಕುವ ಫೋಟೊ
ನಾಲ್ಕು ಎಂಬಿ ತೂಗುತ್ತಿತ್ತು; ಮಾಜಾಳಿ ತಿರುವಿನಲ್ಲಿ
ಸಿಗ್ನಲ್ಲು ಅದನ್ನು ಹೊರಲಾರದೆ ಕೂತುಬಿಡುತ್ತಿತ್ತು.
ಒಣಮೀನಿನ ಹಾಗೆ ಒಣಗಿಸಿ ಹಗುರ ಮಾಡಿದೆ.
ಆಮೇಲೆ, ಅಗಲ ಸಿಕ್ಕಲ್ಲಿ ಎರಡು ಸಾಲಾಗು,
ಇನ್ನೂ ಸಿಕ್ಕರೆ ಮೂರು, ಎಂದು ಪುಟಕ್ಕೆ ಹೇಳಿಕೊಟ್ಟೆ.
ಅಳತೆಯನ್ನು ಇಂಚಿನಲ್ಲಿ ಹೇಳಲಿಲ್ಲ; ಪಾಲಿನಲ್ಲಿ ಹೇಳಿದೆ,
ರಂಪಣಿ ಎಳೆದವರು ದಂಡೆಯಲ್ಲಿ ಹಂಚಿಕೊಳ್ಳುವ ಹಾಗೆ.

ಹರಾಜು ಕಟ್ಟೆಯ ಗೋಡೆಗೆ ದೊಡ್ಡ ಟೀವಿ ಬಂದಾಗ
ಪಾಠ ತಿರುವುಮುರುವು. ಸೂಚನೆಯ ಒಂದೇ ಸಾಲು
ಕಾಳಿ ಸೇತುವೆಯಷ್ಟು ಉದ್ದ;
ಕೋಡಿಬಾಗದಲ್ಲಿ ಹತ್ತಿದ ಕಣ್ಣು
ಸದಾಶಿವಗಡ ಮುಟ್ಟುವಷ್ಟರಲ್ಲಿ
ಹೊರಟದ್ದು ಯಾಕೆಂದೇ ಮರೆಯುತ್ತಿತ್ತು.
ಜಾಗ ಇದೆಯೆಂದು ತುಂಬಲೇಬೇಕೆಂದಿಲ್ಲ.
ಎರಡೂ ಕಡೆ ಬಯಲು ಬಿಟ್ಟೆ.

ಮುಗಿಯಿತು ಎನ್ನಲಾರೆ. ನಿನ್ನೆ ಪಡ್ತಿಯವರ ಮಗ
ಮಡಚುವ ಫೋನು ತಂದಿದ್ದ;
ಮಡಿಕೆಯಲ್ಲಿ ನನ್ನ ಪುಟ ಸೊಂಟ ಉಳುಕಿಸಿಕೊಂಡಿತು.
ನೋಡೋಣ, ಅದಕ್ಕೂ ಏನಾದರೂ.

ಇವತ್ತು ಬೆಳಿಗ್ಗೆ ಕಾಜುಬಾಗದಲ್ಲಿ
ತಲೆಯ ಮೇಲೆ ಬುಟ್ಟಿ, ಒಂದೇ ಕೈಯಲ್ಲಿ ಫೋನು,
ಮೋಹಿನಿ ನಿಂತಿದ್ದಳು. ಹಿಂದಿನಿಂದ ಇಣುಕಿದೆ:
ಬಂಗಡೆ. ಮಗ್ಗುಲಲ್ಲೇ ದರ.
ಓದಿದಳು. ಚೆನ್ನಾಗಿದೆ ಎಂದೇನೂ ಅನ್ನಲಿಲ್ಲ.
ಫೋನನ್ನು ಸಂಚಿಗೆ ತುರುಕಿ
ಗೇಟಿನ ಒಳಗಿದ್ದ ಹೆಂಗಸಿಗೆ
ಇಪ್ಪತ್ತು ರೂಪಾಯಿ ಸೇರಿಸಿ ಹೇಳಿದಳು.